ಅಜ್ಜಿಯ ಅಳತೆ ಯಾರು ತಗೊಂಡ್ರಿ?

"ಮಿಸ್, ಇದು ಓಡ್ತಾನೇ ಇಲ್ಲ."

ನಾಲ್ಕನೇ ಕ್ಲಾಸಿನ ಹುಡುಗ. ಕೈಯಲ್ಲಿ ಅವನೇ ಮಾಡಿದ ಗಾಡಿ. ಟೂತ್‌ಪೇಸ್ಟಿನ ರಟ್ಟಿನ ಡಬ್ಬ, ಸವೆದ ಹವಾಯಿ ಚಪ್ಪಲಿಯಲ್ಲಿ ಕತ್ತರಿಸಿ ತೆಗೆದ ನಾಲ್ಕು ಗಾಲಿ, ಖಾಲಿ ರೀಫಿಲ್ಲಿನ ಎರಡು ಅಚ್ಚು. ನೋಡೋಕೆ ಚೆಂದವಾಗಿತ್ತು. ಮುಂದೆ ಎರಡು ಹಳದಿ ದೀಪ ಬರೆದಿದ್ದ. ಹಿಂದೆ ಲಾರಿಗಳ ಮೇಲೆ ಬರೆದಿರುತ್ತಾರಲ್ಲ, ಹಾಗೆ ಮನೆದೇವರ ಹೆಸರು ಬರೆದಿದ್ದ. ಆದರೆ ತಳ್ಳಿದರೆ ಗಾಲಿ ತಿರುಗುತ್ತಿರಲಿಲ್ಲ. ಇಡೀ ಗಾಡಿ ನೆಲ ಉಜ್ಜಿಕೊಂಡು ಹೋಗುತ್ತಿತ್ತು.

ನನಗೆ ನೋಡಿದ ತಕ್ಷಣ ಗೊತ್ತಾಯಿತು. ರೀಫಿಲ್ಲು ಡಬ್ಬದೊಳಗೆ ಹೋಗುವ ತೂತಿಗೆ ಅಂಟು ಹಾಕಿದ್ದ. ಗಾಲಿಯೂ ರೀಫಿಲ್ಲಿಗೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಎರಡು ಕಡೆಯೂ ಬಿಗಿ. ಎಲ್ಲಾದರೂ ಒಂದು ಕಡೆ ಸಡಿಲ ಇರಬೇಕು, ಅಲ್ವಾ? ಹೇಳಿಬಿಟ್ಟರೆ ಅರ್ಧ ನಿಮಿಷದ ಕೆಲಸ. ನನ್ನ ಕೈ ಆಗಲೇ ಗಾಡಿಯ ಕಡೆ ಹೊರಟಿತ್ತು. ಹಿಂದಕ್ಕೆ ಎಳೆದುಕೊಂಡೆ.

"ಎಲ್ಲಿ ಹಿಡ್ಕೊಂಡಿದೆ ಅಂತ ನೋಡಪ್ಪ" ಅಂದೆ, ಅಷ್ಟೇ.

ಕೈ ಹಿಂದಕ್ಕೆ ಎಳೆದುಕೊಳ್ಳೋದನ್ನು ನಾನು ಕಲಿತದ್ದು ಅದರ ಹಿಂದಿನ ವರ್ಷ. ಅವತ್ತು ಮಕ್ಕಳು ತೆಂಗಿನ ಗರಿಯಲ್ಲಿ ಗಿರಗಿಟ್ಲೆ ಮಾಡುತ್ತಿದ್ದರು. ಗರಿಯನ್ನು ಮಡಚಿ ಹೆಣೆದು, ನಡುವೆ ಜಾಲಿ ಮುಳ್ಳು ಚುಚ್ಚಿ, ಗಾಳಿಗೆ ಹಿಡಿದು ಓಡೋದು. ಒಬ್ಬ ಹುಡುಗಿಯದು ತಿರುಗುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಬೆಲ್ಲಿಗೆ ಹತ್ತೇ ನಿಮಿಷ ಉಳಿದಿತ್ತು. ಪಾಪ ಅನ್ನಿಸಿತು. ಅವಳ ಕೈಯಿಂದ ತಗೊಂಡು, ಬಿಚ್ಚಿ, ರೆಕ್ಕೆ ಸರಿಯಾಗಿ ಹೆಣೆದು, ಮುಳ್ಳು ನಡುವಿಗೆ ಚುಚ್ಚಿ ಕೊಟ್ಟೆ. ಭರ್ರಂತ ತಿರುಗಿತು. ಅವಳು ಒಂದು ಸಲ ನೋಡಿದಳು, ನಕ್ಕಳು, ಕಿಟಕಿಯ ಮೇಲೆ ಇಟ್ಟಳು. ಬೆಲ್ಲು ಹೊಡೆಯಿತು. ಎಲ್ಲರೂ ತಮ್ಮ ತಮ್ಮ ಗಿರಗಿಟ್ಲೆ ಹಿಡಿದು ಓಡಿದರು. ತಿರುಗದೇ ಇದ್ದವರೂ ಓಡಿದರು. ಅವಳದು ಮಾತ್ರ ಕಿಟಕಿಯಲ್ಲೇ ಉಳಿಯಿತು. ಸೋಮವಾರ ಕೇಳಿದೆ, "ಯಾಕೆ ಪುಟ್ಟಿ, ತಗೊಂಡು ಹೋಗಲಿಲ್ಲ?"

"ಅದು ನಿಮ್ದು ಮಿಸ್" ಅಂದಳು.

ಅವಳ ಮಾತಿನಲ್ಲಿ ಬೇಜಾರಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಮಾತು ನನ್ನನ್ನು ಎಷ್ಟೋ ದಿನ ಬಿಡಲಿಲ್ಲ.

ನಾನಿರೋದು ತಿಪಟೂರು ಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಐದನೇ ತರಗತಿ, ಇಬ್ಬರು ಟೀಚರ್. ಒಂದರಿಂದ ಮೂರು ನಲಿಕಲಿ, ಅಂದರೆ ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯೋದು, ಅದನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ನಾಲ್ಕು, ಐದು ನನ್ನದು. ಶನಿವಾರ ಬೆಳಗಿನ ಸ್ಕೂಲು ತಾನೇ, ಕೊನೆಯ ಒಂದು ಗಂಟೆಯನ್ನು ನಾನು ಇದಕ್ಕೆ ಅಂತ ಎತ್ತಿಟ್ಟಿದ್ದೇನೆ. ತಿಂಗಳಿಗೊಮ್ಮೆ ಬ್ಯಾಗಿಲ್ಲದ ಸಂಭ್ರಮ ಶನಿವಾರ ಬಂದರೆ ಇನ್ನೂ ಜಾಸ್ತಿ ಹೊತ್ತು ಸಿಗುತ್ತದೆ. ವೇಳಾಪಟ್ಟಿಯಲ್ಲಿ ಇದರ ಹೆಸರು ಕಾರ್ಯಾನುಭವ. ಮಕ್ಕಳು ಕರೆಯೋದು "ಮಾಡೋ ಕ್ಲಾಸು" ಅಂತ.

ಸಾಮಾನಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ತೆಂಗು ಒಂದಿದ್ದರೆ ಸಾಕು. ಗರಿ, ಕಡ್ಡಿ, ಕರಟ, ನಾರು, ಮಟ್ಟೆ, ಒಂದೊಂದಕ್ಕೂ ಒಂದೊಂದು ಗುಣ. ಮಕ್ಕಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಹಸಿ ಗರಿ ಬಾಗುತ್ತದೆ, ಒಣಗಿದ್ದು ಮುರಿಯುತ್ತದೆ. ಕಡ್ಡಿ ಬುಡದಲ್ಲಿ ಗಟ್ಟಿ, ತುದಿಯಲ್ಲಿ ಬಳುಕುತ್ತದೆ. ಇದನ್ನೆಲ್ಲ ನಾನು ಹೇಳಿಕೊಟ್ಟದ್ದಲ್ಲ. ಉಳಿದದ್ದಕ್ಕೆ ಕಿರಾಣಿ ಅಂಗಡಿಯ ರಟ್ಟಿನ ಡಬ್ಬಗಳಿವೆ, ಸೈಕಲ್ ಶಾಪಿನ ಹಳೇ ಟ್ಯೂಬುಗಳಿವೆ. ಟ್ಯೂಬನ್ನು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿಟ್ಟುಕೊಂಡರೆ ಅದರಂಥ ಕಟ್ಟು ಬೇರೆ ಇಲ್ಲ. ಎಳೆದು ಸುತ್ತಿದರೆ ತಾನಾಗಿಯೇ ಬಿಗಿಯುತ್ತದೆ, ಗಂಟು ಹಾಕೋಕೆ ಬಾರದ ಮಕ್ಕಳೂ ಕಟ್ಟಬಹುದು.

ಗಾಡಿಯ ಹುಡುಗನ ವಿಷಯಕ್ಕೆ ಬರುತ್ತೇನೆ. ಅವತ್ತು ಅವನು ಕೊನೆಯವರೆಗೂ ಗಾಡಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಗಾಲಿ ಎಳೆದ, ಅಚ್ಚು ಜಗ್ಗಿದ. ಅಂಟಿನ ಮೇಲೆ ಸಿಟ್ಟು ಬಂತು. ಚೀಲಕ್ಕೆ ತುರುಕಿಕೊಂಡು ಹೋದ. ನಾನು ಹೇಳಬೇಕಿತ್ತೇನೋ ಅಂತ ಭಾನುವಾರವೆಲ್ಲ ಒಳಗೇ ಕೊರೆಯುತ್ತಿತ್ತು. ಸೋಮವಾರ ಪ್ರಾರ್ಥನೆಗೂ ಮೊದಲೇ ಓಡಿ ಬಂದ.

"ಮಿಸ್, ನಮ್ಮ ತಾತನ ಗಾಡೀಲಿ ಅಚ್ಚು ತಿರುಗಾಕಿಲ್ಲ. ಗಾಲಿ ಮಾತ್ರ ತಿರುಗ್ತೈತೆ."

ಅವರ ಮನೆ ಹಿತ್ತಲಲ್ಲಿ ಒಂದು ಹಳೇ ಎತ್ತಿನ ಗಾಡಿ ಇದೆ. ಎತ್ತು ಮಾರಿ ವರ್ಷಗಳಾದವು, ಗಾಡಿ ಹಾಗೇ ನಿಂತಿದೆ. ಅದರ ಮೇಲೆ ಕೋಳಿ ಮಲಗುತ್ತವೆ. ಹುಟ್ಟಿದಾಗಿನಿಂದ ಆ ಗಾಡಿ ನೋಡಿದ್ದಾನೆ, ಅದರ ಮೂಕಿಯ ಮೇಲೆ ಜೀಕಿದ್ದಾನೆ. ಆದರೆ ಅದರ ಅಡಿಗೆ ತಲೆ ಹಾಕಿ ನೋಡಿದ್ದು ಈ ಭಾನುವಾರವೇ ಮೊದಲು. ತಾತ ಜೊತೆಗೆ ಕೂತು ಒಂದೊಂದೇ ಹೆಸರು ಹೇಳಿದರಂತೆ. ಇದು ಅಚ್ಚು. ಇದು ಗುಂಬ, ಗಾಲಿಯ ನಡುವಿನ ದಪ್ಪ ಮರ, ಅಚ್ಚು ತೂರೋದು ಇದರೊಳಗೇ. ಇದು ಕಡಾಣಿ, ಇದು ಬಿದ್ದರೆ ಗಾಲಿ ಕಳಚಿಕೊಳ್ಳುತ್ತದೆ. ಇಲ್ಲಿಗೆ ಕೀಲೆಣ್ಣೆ ಹಾಕಬೇಕು. ಹುಡುಗ ಚಪ್ಪಲಿ ಗಾಲಿಯ ತೂತನ್ನು ದೊಡ್ಡದು ಮಾಡಿದ್ದ. ರೀಫಿಲ್ಲಿನ ತುದಿಗೆ ಗುಂಡುಸೂಜಿ ಚುಚ್ಚಿ ಕಡಾಣಿ ಮಾಡಿದ್ದ. ತೂತಿಗೆ ಕೊಬ್ಬರಿ ಎಣ್ಣೆಯನ್ನೂ ಬಿಟ್ಟಿದ್ದ!

ಗಾಡಿ ಓಡಿತು. ಆದರೆ ಓಲಾಡಿಕೊಂಡು ಓಡಿತು, ಗಾಲಿಗಳು ಆ ಕಡೆ ಈ ಕಡೆ ವಾಲುತ್ತಿದ್ದವು.

ಅದೇ ಹೊತ್ತಿಗೆ ಇನ್ನೊಬ್ಬಳು ಬೇರೆ ದಾರಿ ಹಿಡಿದಿದ್ದಳು. ಎಳನೀರು ಅಂಗಡಿಯ ಸ್ಟ್ರಾ ಎರಡನ್ನು ಡಬ್ಬದ ಅಡಿಗೆ ಅಂಟಿಸಿ, ಅದರೊಳಗೆ ರೀಫಿಲ್ಲು ತೂರಿಸಿ, ಗಾಲಿಗಳನ್ನು ರೀಫಿಲ್ಲಿಗೆ ಬಿಗಿಯಾಗಿ ಕೂರಿಸಿದ್ದಳು. ಅವಳ ಗಾಡಿಯಲ್ಲಿ ಅಚ್ಚೂ ಗಾಲಿಯೂ ಒಟ್ಟಿಗೆ ತಿರುಗುತ್ತಿದ್ದವು. ಅದು ಓಲಾಡುತ್ತಿರಲಿಲ್ಲ.

"ಯಾವ್ದು ಸರಿ ಮಿಸ್?"

ಎರಡೂ ಸರಿ ಅಂದೆ. ಒಂದು ಎತ್ತಿನ ಗಾಡಿಯ ರೀತಿ, ಇನ್ನೊಂದು ರೈಲಿನ ರೀತಿ. ನಮ್ಮ ಮಕ್ಕಳಿಗೆ ರೈಲು ಹೊಸದಲ್ಲ, ಬೆಂಗಳೂರಿಂದ ಅರಸೀಕೆರೆಗೆ ಹೋಗುವ ಲೈನು ತಿಪಟೂರಿನ ಮೇಲೇ ಹೋಗುತ್ತದೆ. ರೈಲಿನಲ್ಲಿ ಎರಡು ಗಾಲಿಯನ್ನೂ ಅಚ್ಚಿಗೆ ಒತ್ತಿ ಕೂರಿಸಿರುತ್ತಾರೆ, ಅಚ್ಚು ಬೇರಿಂಗಿನಲ್ಲಿ ತಿರುಗುತ್ತದೆ. ಆ ಗಾಲಿ, ಅಚ್ಚುಗಳನ್ನು 1984ರಿಂದ ನಮ್ಮ ಯಲಹಂಕದ ಕಾರ್ಖಾನೆಯಲ್ಲೇ ಮಾಡುತ್ತಾರೆ ಅಂದಾಗ ಮಕ್ಕಳ ಕಣ್ಣು ಅಗಲವಾದವು. ಯಲಹಂಕದಲ್ಲಿ ಒಬ್ಬಳ ಚಿಕ್ಕಪ್ಪ ಇದ್ದಾರಂತೆ.

ಹುಡುಗ ಮಾತ್ರ ಇನ್ನೂ ತನ್ನ ಓಲಾಟದಲ್ಲೇ ಇದ್ದ. ತಾತನ ಗಾಡಿ ಯಾಕೆ ಓಲಾಡೋದಿಲ್ಲ? ಅದೂ ಇದೇ ರೀತಿ ತಾನೇ? ಎರಡು ದಿನ ಬಿಟ್ಟು ಉತ್ತರ ತಂದ. ತಾತನ ಗಾಡಿಯ ಗುಂಬ ದಪ್ಪ, ಮೊಳದುದ್ದ ಇದೆ. ಅಚ್ಚನ್ನು ಅದು ಉದ್ದಕ್ಕೂ ಹಿಡಿದುಕೊಂಡಿರುತ್ತದೆ. ಇವನ ಚಪ್ಪಲಿ ಗಾಲಿ ಒಂದು ಬೆರಳಷ್ಟೂ ದಪ್ಪ ಇಲ್ಲ, ಹಿಡಿಯೋಕೆ ಜಾಗವೇ ಇಲ್ಲ. ಚಪ್ಪಲಿಯಲ್ಲೇ ಇನ್ನೂ ಸಣ್ಣ ಸಣ್ಣ ಬಿಲ್ಲೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಗಾಲಿಯ ನಡುವಿಗೆ ಗುಂಬ ಮಾಡಿದ. ಓಲಾಟ ಪೂರ್ತಿ ಹೋಗಲಿಲ್ಲ, ಆದರೆ ತುಂಬ ಕಡಿಮೆಯಾಯಿತು.

ಎತ್ತಿನ ಗಾಡಿಯ ಗುಂಬ ಯಾಕೆ ಅಷ್ಟು ದಪ್ಪ ಅಂತ ನಾನು ನನ್ನ ಜೀವನದಲ್ಲಿ ಯೋಚಿಸಿರಲಿಲ್ಲ. ಒಂಬತ್ತು ವರ್ಷದ ಹುಡುಗನಿಂದ ಕಲಿತೆ. ಅವತ್ತು ನಾನು ಬಾಯಿಬಿಟ್ಟು "ತೂತು ಸಡಿಲ ಮಾಡು" ಅಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಒತ್ತಕ್ಷರ ತಪ್ಪಿದರೆ ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಬೇಕು. ಮಗು ನನ್ನನ್ನು ನಂಬಿ ಅದು ತಪ್ಪು ಅಂತ ಒಪ್ಪಿಕೊಳ್ಳುತ್ತದೆ. ಕೂಡೋ ಲೆಕ್ಕದಲ್ಲೂ ಅಷ್ಟೇ, ದಶಕ ಮರೆತಿದ್ದೀಯಾ ಅಂತ ನಾನೇ ಹೇಳಬೇಕು. ಇಡೀ ವಾರ ಮಗುವಿಗೆ ಸರಿ ತಪ್ಪು ಹೇಳೋದು ನಾನು. ಈ ಒಂದು ಗಂಟೆಯಲ್ಲಿ ಮಾತ್ರ ಗಾಡಿ ಹೇಳುತ್ತದೆ. ಗಾಡಿ ಬೈಯೋದಿಲ್ಲ, ಮುಖ ನೋಡಿ ಮಾರ್ಕ್ಸ್ ಕೊಡೋದಿಲ್ಲ, ಯಾರ ಮನೆಯ ಮಗು ಅಂತ ಕೇಳೋದಿಲ್ಲ. ಓಡಲಿಲ್ಲ ಅಂದರೆ ಓಡಲಿಲ್ಲ. ಮಗು ಅದರ ಮುಂದೆ ಕೂತು, ಅಳದೆ, ಯಾಕೆ ಅಂತ ಹುಡುಕೋಕೆ ಶುರು ಮಾಡುತ್ತದಲ್ಲ, ಆ ಹೊತ್ತಿಗಾಗಿಯೇ ನಾನು ಈ ಕ್ಲಾಸು ಇಟ್ಟುಕೊಂಡಿರೋದು. ಗಿರಗಿಟ್ಲೆಯ ಹುಡುಗಿಯಿಂದ ನಾನು ಕಸಿದುಕೊಂಡದ್ದು ಅದನ್ನೇ.

ಇಂಗ್ಲೆಂಡಿನ ಶಾಲೆಗಳಲ್ಲಿ ಇದಕ್ಕೆ ಒಂದು ಹೆಸರಿದೆ, ಡಿಸೈನ್ ಅಂಡ್ ಟೆಕ್ನಾಲಜಿ. 1990ರಿಂದ ಐದು ವರ್ಷದ ಮಕ್ಕಳಿಂದಲೇ ಶುರುವಾಗುವ ವಿಷಯ ಅದು. ಈಗ ನಡೆಯುತ್ತಿರುವ, 2014ರಲ್ಲಿ ಜಾರಿಗೆ ಬಂದ ಪಠ್ಯಕ್ರಮವನ್ನು ನೆಟ್ಟಿನಲ್ಲಿ ಓದಿದೆ. ಕೆಲವೇ ಪುಟ. ಏಳು ವರ್ಷದೊಳಗಿನ ಮಕ್ಕಳಿಗೆ ಸನ್ನೆಕೋಲು, ಜಾರುವ ಪಟ್ಟಿ, ಗಾಲಿ ಮತ್ತು ಅಚ್ಚು. ಹನ್ನೊಂದರೊಳಗಿನವರಿಗೆ ಹಲ್ಲುಗಾಲಿ, ರಾಟೆ, ಬಲ್ಬು, ಸ್ವಿಚ್ಚು, ಮೋಟಾರು. ಅಡುಗೆಯೂ ಅದರಲ್ಲೇ ಬರುತ್ತದೆ. ಕಂಪ್ಯೂಟರ್ ಅಲ್ಲಿ ಬೇರೆಯೇ ವಿಷಯ. ನಾವು ತಂತ್ರಜ್ಞಾನ ಅಂದ ಕೂಡಲೇ ಟ್ಯಾಬು, ಸ್ಮಾರ್ಟ್ ಕ್ಲಾಸು ಅಂತ ಓಡುತ್ತೇವೆ. ತಾತನ ಗಾಡಿಯ ಕಡಾಣಿಯೂ ತಂತ್ರಜ್ಞಾನವೇ. ಆ ಪುಟಗಳಲ್ಲಿ ನನಗೆ ಹಿಡಿಸಿದ್ದು ಒಂದು ಮಾತು: ಮಗು ಏನನ್ನಾದರೂ ಮಾಡುವಾಗ ಅದು ಯಾರಿಗೆ, ಯಾಕೆ ಅಂತ ಮೊದಲು ಯೋಚಿಸಬೇಕು, ಮಾಡಿದ ಮೇಲೆ ತಾನೇ ಅದನ್ನು ಒರೆಗೆ ಹಚ್ಚಿ ನೋಡಬೇಕು.

ಯಾರಿಗೆ ಅನ್ನೋ ಪ್ರಶ್ನೆ ನನ್ನ ಬಾಲ್ಯದಲ್ಲಿ ಯಾರೂ ಕೇಳಲಿಲ್ಲ. ನಮಗೂ ಕಾರ್ಯಾನುಭವ ಇತ್ತು. 1964-66ರ ಕೊಠಾರಿ ಆಯೋಗ ಹೇಳಿದ ಮೇಲೆ ದೇಶದ ಶಾಲೆಗಳಿಗೆ ಬಂದ ಮಾತು ಅದು. ಅದಕ್ಕೂ ಮೊದಲು, 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಸಭೆಯಲ್ಲಿ ಇಡೀ ಶಿಕ್ಷಣವೇ ಒಂದು ಕೈಕಸುಬಿನ ಸುತ್ತ ನಡೆಯಬೇಕು ಅಂತ ತೀರ್ಮಾನ ಆಗಿತ್ತು, ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನೂ ಬರೆದಿತ್ತು. ಅಷ್ಟು ದೊಡ್ಡ ಯೋಚನೆ ನನ್ನ ಏಳನೇ ಕ್ಲಾಸಿಗೆ ಬಂದು ತಲುಪುವ ಹೊತ್ತಿಗೆ ಉಲ್ಲನ್ನಿನ ಬಾಗಿಲ ತೋರಣವಾಗಿತ್ತು. ಬೋರ್ಡಿನ ಮೇಲೆ ಬರೆದ ಹಾಗೆ ಎಲ್ಲರೂ ಒಂದೇ ಬಣ್ಣ, ಒಂದೇ ಉದ್ದದ ತೋರಣ ಮಾಡಿದೆವು. ಮಾರ್ಕ್ಸ್ ಬಂತು. ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಖುಷಿಯಿಂದ ಬಾಗಿಲಿಗೆ ಹಿಡಿದು ನೋಡಿದರು. ಒಂದು ಗೇಣು ಸಾಲದಾಯಿತು. ನಮ್ಮ ಬಾಗಿಲ ಅಗಲ ಎಷ್ಟು ಅಂತ ಯಾರೂ ಕೇಳಿರಲಿಲ್ಲ, ನನಗೂ ಅಳೆಯಬೇಕು ಅಂತ ಹೊಳೆದಿರಲಿಲ್ಲ. ಆ ತೋರಣ ದೇವರ ಗೂಡಿಗೆ ಹೋಯಿತು.

ಈಗ ತೋರಣದ ಜಾಗಕ್ಕೆ ಥರ್ಮಾಕೋಲು ಬಂದಿದೆ. ವಸ್ತುಪ್ರದರ್ಶನ ಅಂದರೆ ಸಾಕು, ಹಿಂದಿನ ರಾತ್ರಿ ಅಪ್ಪ ಅಮ್ಮ ಹನ್ನೆರಡು ಗಂಟೆವರೆಗೆ ಕೂತು ಜ್ವಾಲಾಮುಖಿ ಮಾಡುತ್ತಾರೆ. ಪೇಟೆಯ ಕಡೆ ಸಿದ್ಧ ಮಾದರಿಗಳನ್ನೇ ಮಾರುತ್ತಾರೆ. ಮಗು ಬೆಳಿಗ್ಗೆ ಅದನ್ನು ಎಚ್ಚರಿಕೆಯಿಂದ ಹೊತ್ತುಕೊಂಡು ಬಂದು, ಬಾಯಿಪಾಠ ಮಾಡಿದ ನಾಲ್ಕು ಸಾಲು ಒಪ್ಪಿಸುತ್ತದೆ. ಆ ಮಕ್ಕಳ ಮುಖ ನೋಡಿದಾಗಲೆಲ್ಲ ನನಗೆ ಕಿಟಕಿಯ ಗಿರಗಿಟ್ಲೆ ನೆನಪಾಗುತ್ತದೆ.

ಒಳ್ಳೆಯ ಕೆಲಸ ನಡೆದೇ ಇಲ್ಲ ಅಂತ ಹೇಳೋಕೆ ಆಗೋದಿಲ್ಲ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಚೀಲ, ಗಾಳಿಯಂತ್ರದ ಮಾದರಿ, ಗೊಂಬೆಯಾಟದ ಗೊಂಬೆಗಳನ್ನು ಮಕ್ಕಳ ಕೈಯಲ್ಲೇ ಯೋಚಿಸಿ ಮಾಡಿಸುವ ಪಾಠಗಳನ್ನು ಕಟ್ಟಿದ್ದಾರೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಹೇಳಿಕೊಡುವ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಲ್ಲಿ ಮಾಡಿ ತೋರಿಸಿದ್ದು ನನಗೆ ಪ್ರತಿ ವರ್ಷ ಕೈಹಿಡಿಯುತ್ತದೆ. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ವಾಲಿಕೊಳ್ಳುತ್ತದೆ. ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನೋದಿಲ್ಲ. ಅದನ್ನು ಮಾಡಿದ ಮೇಲೆ ಮಕ್ಕಳು ತಲೆಯೆತ್ತಿ ಶಾಲೆಯ ಹೆಂಚಿನ ಮಾಡಿನ ಮರ ನೋಡುತ್ತಾರೆ, ನಾನು ಏನೂ ಹೇಳೋದೇ ಬೇಡ. ಇನ್ನು ಮಕ್ಕಳು ತಾವೇ ಮಾಡಿ ನೋಡಲಿ ಅಂತ ಕೇಂದ್ರ ಸರ್ಕಾರ ಶಾಲೆಗಳಲ್ಲಿ ತೆರೆಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಶಾಲೆಗೆ 20 ಲಕ್ಷದವರೆಗೆ ಅನುದಾನ. ಆದರೆ ಅದು ಶುರುವಾಗೋದು ಆರನೇ ತರಗತಿಯಿಂದ. ಅಷ್ಟು ಹೊತ್ತಿಗೆ ನಾವು ಐದು ವರ್ಷ "ಕೈಕಟ್ಟು, ಬಾಯಿ ಮೇಲೆ ಬೆರಳು" ಅಂತ ಹೇಳಿಕೊಟ್ಟಿರುತ್ತೇವೆ. ಕಟ್ಟಿದ ಕೈ ಬಿಚ್ಚೋದು ಅಷ್ಟು ಸುಲಭ ಇಲ್ಲ.

ಒಂದು ಸಲ ಒಬ್ಬ ಹುಡುಗನ ಅಪ್ಪ ಬಂದರು. ಮರಗೆಲಸದವರು, ಊರಲ್ಲಿ ಎಲ್ಲರೂ ಆಚಾರ್ರು ಅಂತಲೇ ಕರೆಯೋದು. ಜಗಳಕ್ಕೆ ಬಂದಿರಲಿಲ್ಲ, ಬಾಗಿಲ ಹತ್ತಿರವೇ ನಿಂತು ಮೆಲ್ಲಗೆ ಹೇಳಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನನ್ನ ಮಗ ಉಳಿ ಸುತ್ತಿಗೆ ಹಿಡೀಬಾರ್ದು ಅಂತಾನೇ ನಾನು ಇಸ್ಕೂಲಿಗೆ ಹಾಕಿರೋದು. ಇಲ್ಲೂ ಅದೇನಾ?"

ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಇವತ್ತಿಗೂ ಅವರ ಮಾತು ತಪ್ಪು ಅಂತ ನನಗೆ ಅನ್ನಿಸೋದಿಲ್ಲ. ನಮ್ಮಲ್ಲಿ ಕೈಕೆಲಸ ಅನ್ನೋದು ಹುಟ್ಟಿನ ಜೊತೆಗೇ ಬರುವ ಗಂಟು. ಯಾರು ಮರ ಕೆತ್ತಬೇಕು, ಯಾರು ಚರ್ಮ ಹೊಲಿಯಬೇಕು, ಯಾರು ಕೂತು ಲೆಕ್ಕ ಬರೆಯಬೇಕು ಅಂತ ಮಗು ಹುಟ್ಟುವ ಮೊದಲೇ ಹಂಚಿಟ್ಟ ಊರುಗಳು ನಮ್ಮವು. ಅದರಿಂದ ಮಗನನ್ನು ಬಿಡಿಸಬೇಕು ಅಂತ ಹೊರಟ ಅಪ್ಪನಿಗೆ ಶಾಲೆಯಲ್ಲೂ ಗರಗಸ ಕಂಡರೆ ಎದೆ ಧಸಕ್ಕೆನ್ನದೆ ಇರುತ್ತದಾ?

ನಾನು ಅವರನ್ನು ಒಳಗೆ ಕರೆದೆ. ಅವರ ಮಗ ಒಂದು ಮೂಲೆಯಲ್ಲಿ ಬಿದಿರು ಸೀಳುತ್ತಿದ್ದ. ಅವನ ಪಕ್ಕದಲ್ಲಿ ಊರಿನ ದೊಡ್ಡ ತೋಟದವರ ಮಗಳು ಅದೇ ಬಿದಿರಿನ ಇನ್ನೊಂದು ತುದಿ ಹಿಡಿದು ಕೂತಿದ್ದಳು. ಆ ಹುಡುಗಿಯ ಮನೆಯಲ್ಲಿ ಅವಳ ಕೈಗೆ ಕತ್ತಿ ಕೊಡೋದಿರಲಿ, ಸೌಟೂ ಕೊಟ್ಟಿರಲಿಲ್ಲ. "ನಿಮ್ಮ ಮಗನೊಬ್ಬನೇ ಮಾಡ್ತಿದ್ದರೆ ನೀವು ಹೇಳಿದ್ದು ಸರಿ ಆಚಾರ್ರೇ. ಎಲ್ಲರೂ ಮಾಡ್ತಿದ್ದಾರೆ" ಅಂದೆ. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಡೆಯಲಾರದೆ ಹೋಗಿ, ಆ ಹುಡುಗಿ ಕತ್ತಿ ಹಿಡಿದಿದ್ದ ರೀತಿ ಸರಿಮಾಡಿದರು. ಬಿದಿರನ್ನು ಯಾವಾಗಲೂ ತುದಿಯಿಂದ ಸೀಳು, ಕತ್ತಿ ನಿನ್ನ ಕಡೆ ಬರಬಾರದು, ಆಚೆ ಹೋಗಬೇಕು. ಎಡಗೈ ಯಾವಾಗಲೂ ಕತ್ತಿಯ ಹಿಂದೆ. ಹತ್ತು ನಿಮಿಷ ಇದ್ದರು. ಹೋಗುವಾಗ, "ಆದ್ರೂ ಅವ್ನು ಎಂಜಿನಿಯರ್ ಆಗ್ಬೇಕು ಮೇಡಂ" ಅಂದರು. ಆಗಲಿ ಅಂತ ನಾನೂ ಮನಸಾರೆ ಅಂದೆ.

ಈ ವರ್ಷ ದೀಪಾವಳಿ ಕಳೆದ ಮೇಲೆ ಮಕ್ಕಳಿಗೆ ಹೊಸ ಕೆಲಸ ಕೊಟ್ಟೆ. "ಮನೆಯಲ್ಲಿ ಯಾರಿಗಾದರೂ ಕಷ್ಟ ಆಗ್ತಿರೋ ಒಂದು ಕೆಲಸ ನೋಡಿಕೊಂಡು ಬನ್ನಿ. ಕೇಳಬೇಡಿ, ನೋಡಿ." ಏನೇನೋ ತಂದರು. ಒಂದನೇ ಕ್ಲಾಸಿನ ತಮ್ಮನಿಗೆ ನಲ್ಲಿ ಎಟುಕೋದಿಲ್ಲ. ಬಿಸಿಯೂಟದ ಆಂಟಿಗೆ ತೊಳೆದ ತಟ್ಟೆ ಒಣಗಿಸೋಕೆ ಜಾಗ ಸಾಲದು. ಅಮ್ಮ ಹಾಲು ಕರೆಯುವಾಗ ಕರು ಬಿಡೋದಿಲ್ಲ. ಐದನೇ ಕ್ಲಾಸಿನ ಇಬ್ಬರು ಹುಡುಗಿಯರು, ಅಕ್ಕಪಕ್ಕದ ಮನೆಯವರು, ಬಂದು ಹೇಳಿದರು: "ಅಜ್ಜಿಗೆ ಗುಡಿಸುವಾಗ ಸೊಂಟ ನೋಯ್ತದೆ ಮಿಸ್. ಅಮ್ಮಾ ಅಮ್ಮಾ ಅಂತಾ ಗುಡಿಸ್ತಾರೆ."

ನಮ್ಮ ಕಡ್ಡಿ ಪರಕೆ ಎಷ್ಟಿರುತ್ತದೆ, ಎರಡು ಮೊಳ. ಬಗ್ಗಲೇಬೇಕು. ಹುಡುಗಿಯರು ಅದಕ್ಕೆ ಉದ್ದ ಹಿಡಿ ಹಾಕುತ್ತೇವೆ ಅಂದರು. ಮೊದಲು ಚಿತ್ರ ಬರೆಯಿರಿ ಅಂದೆ. ಬರೆದರು. ಹಾಳೆಯ ತುಂಬ ಒಂದು ಪರಕೆ. ಹಿಡಿಗೆ ಕೆಂಪು ಬಣ್ಣ, ಕಟ್ಟಿನ ಹತ್ತಿರ ಎರಡು ಹೂವು, ಸುತ್ತ ಬಾರ್ಡರು. ಮಕ್ಕಳು ಮೊದಲ ಸಲ ಬರೆಯೋದು ಯಾವಾಗಲೂ ಹೀಗೇ. ಆಗಲೇ ಮಾಡಿ ಮುಗಿಸಿದ ವಸ್ತುವಿನ ಫೋಟೋ ತೆಗೆದ ಹಾಗೆ. ಎಲ್ಲಿ ಕಟ್ಟೋದು, ಯಾವುದರಲ್ಲಿ ಕಟ್ಟೋದು ಅಂತ ಅದರಲ್ಲಿ ಇರೋದಿಲ್ಲ. ನಾನು ಏನೂ ಹೇಳಲಿಲ್ಲ.

ಬಿದಿರಿನ ಗಳ ತಂದರು. ಮೊದಲು ಹುರಿಯಲ್ಲಿ ಕಟ್ಟಿದರು. ಎರಡು ಸಲ ಗುಡಿಸುವಷ್ಟರಲ್ಲಿ ಪರಕೆ ಗಳದ ಮೇಲೆ ತಿರುಗಿಕೊಂಡಿತು. ಬಿಚ್ಚಿ ಟ್ಯೂಬಿನ ಪಟ್ಟಿ ಸುತ್ತಿದರು, ಅಲ್ಲಾಡಲಿಲ್ಲ. ಕ್ಲಾಸೆಲ್ಲ ಗುಡಿಸಿ ತೋರಿಸಿದರು. ನನ್ನ ಕೈಗೂ ಕೊಟ್ಟರು, ನಾನೂ ಗುಡಿಸಿದೆ. ಬಗ್ಗದೆ, ಆರಾಮಾಗಿ. ಚೆನ್ನಾಗಿದೆ ಅಂದೆ. ಖುಷಿಯಿಂದ ಮೆರವಣಿಗೆ ಥರ ಅಜ್ಜಿಯ ಮನೆಗೆ ಹೊತ್ತುಕೊಂಡು ಹೋದರು.

ಸೋಮವಾರ ಇಬ್ಬರ ಮುಖವೂ ಬಾಡಿತ್ತು. ಅಜ್ಜಿ ಹಿಡಿಯೋಕೇ ಆಗಲಿಲ್ಲವಂತೆ. ಹಿಡಿಯ ತುದಿ ಅಜ್ಜಿಯ ಗಲ್ಲಕ್ಕೆ ಬಡಿಯುತ್ತಿತ್ತಂತೆ.

"ಹಿಡಿ ಎಷ್ಟುದ್ದ ಇಟ್ಟಿದ್ರಿ?"

"ನಿಮ್ಮ ಭುಜದವರೆಗೂ ಮಿಸ್."

"ಅಜ್ಜಿಯ ಅಳತೆ ಯಾರು ತಗೊಂಡ್ರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ಒಳಗೊಳಗೇ ತಲೆ ತಗ್ಗಿಸಿದೆ. ಚೆನ್ನಾಗಿದೆ ಅಂತ ಹೇಳಿದವಳು ನಾನೇ ತಾನೇ. ನನಗೆ ಚೆನ್ನಾಗಿತ್ತು. ಆ ಹೊತ್ತಿನಲ್ಲಿ ನನಗೂ ಅಜ್ಜಿ ನೆನಪಾಗಿರಲಿಲ್ಲ.

ಟೇಪು ತಗೊಂಡು ಹೋದರು. ಅಜ್ಜಿಯ ಬೆನ್ನು ಬಾಗಿದೆ, ನಿಂತರೆ ನಾಲ್ಕು ಅಡಿಯ ಮೇಲೆ ಎರಡೇ ಇಂಚು. ಕೈಯಿಂದ ನೆಲಕ್ಕೆ ಎಷ್ಟು, ಮುಷ್ಟಿಗೆ ಎಷ್ಟು ದಪ್ಪದ ಹಿಡಿ ಸರಿ, ಎಲ್ಲ ಬರೆದುಕೊಂಡು ಬಂದರು. ನೆಂಟರು ರವಿಕೆ ಅಳತೆ ತಗೊಳ್ಳೋಕೆ ಬಂದ ಹಾಗಿತ್ತು ಅಂತ ಅಜ್ಜಿ ನಗುತ್ತಿದ್ದರಂತೆ. ಎರಡನೇ ಪರಕೆ ಅಳತೆಗೆ ಸರಿಯಾಗಿ ಬಂತು. ಆದರೆ ಅದಕ್ಕೆ ಬೇರೆ ತಕರಾರು. ಗಳವೂ ಪರಕೆಯೂ ನೇರಕ್ಕಿದ್ದರಿಂದ, ಕಡ್ಡಿಯ ತುದಿ ಮಾತ್ರ ನೆಲ ಕುಟ್ಟುತ್ತಿತ್ತು, ಮೈ ತಾಗುತ್ತಿರಲಿಲ್ಲ. "ಕಸ ಹಿಂದೇನೇ ಉಳಿಯುತ್ತೆ ಕಣ್ರವ್ವ" ಅಂದರಂತೆ ಅಜ್ಜಿ. ಮೂರನೆಯದಕ್ಕೆ ಕವೆ ಇರುವ ಕೋಲು ಹುಡುಕಿದರು, ಕವೆಗೆ ಪರಕೆಯನ್ನು ಓರೆಯಾಗಿ ಕಟ್ಟಿದರು. ಇದು ಚೆನ್ನಾಗಿ ಗುಡಿಸಿತು. ಈಗ ಮುಗಿಯಿತು ಅಂದುಕೊಂಡೆವು.

ಒಂದು ವಾರ ಬಿಟ್ಟು ಹೋಗಿ ನೋಡಿಕೊಂಡು ಬನ್ನಿ ಅಂದೆ. ನೋಡಿಕೊಂಡು ಬಂದರು. ಪರಕೆ ಬಾಗಿಲ ಮೂಲೆಯಲ್ಲಿ ನಿಂತಿದೆ. ಅಜ್ಜಿ ಅದರಲ್ಲಿ ಮಾಡಿನ ಜೇಡರ ಬಲೆ ತೆಗೆಯುತ್ತಾರೆ, ಅಕ್ಕಿ ಹರವಿದಾಗ ಕೋಳಿ ಓಡಿಸುತ್ತಾರೆ. ಗುಡಿಸೋದು ಮಾತ್ರ ಹಳೇ ಗಿಡ್ಡ ಪರಕೆಯಲ್ಲೇ.

ದೊಡ್ಡವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಮೂರು ಶನಿವಾರದ ಕೆಲಸ. ಪುಸ್ತಕದಲ್ಲಿ ಏನು ಬರೆದುಕೊಂಡಿರಿ ಅಂತ ಕೇಳಿದೆ. ಚಿಕ್ಕವಳು ತೋರಿಸಿದಳು: "ಬಲೆ ತೆಗೆಯಲು ಚೆನ್ನಾಗಿದೆ. ಗುಡಿಸಲು ಇಲ್ಲ." ಇಷ್ಟು ನೇರವಾದ ವರದಿಯನ್ನು ನಾನು ಯಾವ ತರಬೇತಿಯಲ್ಲೂ ಓದಿಲ್ಲ.

"ಅಜ್ಜಿ ಹೆಂಗೆ ಗುಡಿಸ್ತಾರೆ, ಮಾಡಿ ತೋರಿಸು" ಅಂದೆ.

ಚಿಕ್ಕವಳು ಕ್ಲಾಸಿನ ನಡುವೆ ಕುಕ್ಕರುಗಾಲಿನಲ್ಲಿ ಕೂತಳು. ಕೂತೇ ಎಡಕ್ಕೂ ಬಲಕ್ಕೂ ಗುಡಿಸಿದಳು. ಒಂದು ಹೆಜ್ಜೆ ಮುಂದಕ್ಕೆ ಜರುಗಿದಳು, ಮತ್ತೆ ಗುಡಿಸಿದಳು. ಗೋಡೆ ಬಂದಾಗ ಗೋಡೆ ಹಿಡಿದುಕೊಂಡು, "ಅಮ್ಮಾ..." ಅಂತ ಎದ್ದಳು.

ಎದ್ದವಳು ಹಾಗೇ ನಿಂತುಬಿಟ್ಟಳು.

"ಮಿಸ್, ಅಜ್ಜಿ ಕೂತ್ಕೊಂಡೇ ಗುಡಿಸ್ತಾರೆ. ನೋಯೋದು ಏಳುವಾಗ."

ಕ್ಲಾಸೆಲ್ಲ ಒಂದು ಗಳಿಗೆ ಸುಮ್ನಾಯಿತು. ಮೂರು ಪರಕೆ ಮಾಡಿದ್ದೆವು. ಅಜ್ಜಿಗೆ ಬೇಕಾದದ್ದು ಪರಕೆಯೇ ಅಲ್ಲ.

ಹೋದ ಶನಿವಾರ ಹೊಸ ಚಿತ್ರ ಬರೆದಿದ್ದಾರೆ. ಅದರಲ್ಲಿ ಹೂವಿಲ್ಲ, ಬಾರ್ಡರಿಲ್ಲ. ಹಾಳೆಯ ನಡುವೆ ಅಜ್ಜಿ ಕೂತಿದ್ದಾರೆ, ಬಾಗಿದ ಬೆನ್ನು, ಕೈಯಲ್ಲಿ ಗಿಡ್ಡ ಪರಕೆ. ಕೂತಿರೋದು ಒಂದು ಪುಟ್ಟ ಮಣೆಯ ಮೇಲೆ. ಮಣೆಗೆ ನಾಲ್ಕು ಗಾಲಿ. ಪಕ್ಕದಲ್ಲಿ ಹಿಡಿದು ಏಳೋಕೆ ಒಂದು ಗೂಟ. ಮಣೆಯ ಎತ್ತರ ಎಷ್ಟು ಅನ್ನೋ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ.

ಗಾಲಿ ಅಂದ ಕೂಡಲೇ ನಾಲ್ಕನೇ ಕ್ಲಾಸಿನ ಗಾಡಿಯ ಹುಡುಗ ಎದ್ದು ಬಂದ. ಚಿತ್ರವನ್ನು ತುಂಬ ಹೊತ್ತು ನೋಡಿದ.

"ಅಜ್ಜಿ ಏಳುವಾಗ ಇದು ಹಿಂದಕ್ಕೆ ಓಡಿಬಿಡ್ತೈತೆ. ಬೀಳ್ತಾರೆ."

"ಮತ್ತೆ ಗಾಲಿ ಬ್ಯಾಡ್ವಾ?" ದೊಡ್ಡವಳಿಗೆ ಸಿಟ್ಟು.

"ಬೇಕು. ಕೂತಾಗ ತಿರುಗ್ಬೇಕು. ಏಳುವಾಗ ತಿರುಗ್ಬಾರ್ದು." ಸ್ವಲ್ಪ ಯೋಚಿಸಿದ. ಆಮೇಲೆ ನನ್ನ ಕಡೆ ತಿರುಗಿದ. "ಮಿಸ್, ಅವತ್ತು ನನ್ನ ಗಾಡಿ ಓಡ್ತಾನೇ ಇರ್ಲಿಲ್ಲವಲ್ಲ, ಎರಡೂ ಕಡೆ ಹಿಡ್ಕೊಂಡು? ಹಂಗೆ ಹಿಡ್ಕೊಳ್ಳೋ ಹಂಗೆ ಮಾಡ್ಬೇಕು. ಬೇಕಾದಾಗ ಮಾತ್ರ."

ಹೇಗೆ ಅಂತ ನನಗೂ ಗೊತ್ತಿಲ್ಲ. ಬೆಲ್ಲು ಹೊಡೆಯಿತು. ಮೂವರೂ ಬೀರುವಿನಿಂದ ಟೇಪು ತಗೊಂಡು, ಅಜ್ಜಿ ಕೂತಾಗಿನ ಅಳತೆ ತರೋಕೆ ಓಡಿದರು.